ಮೈಸೂರು ಲ್ಯಾನ್ಸರ್ಸ್ ಸ್ಮಾರಕ

ಮೈಸೂರು ಲ್ಯಾನ್ಸರ್ಸ್ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಯುದ್ಧ ಸ್ಮಾರಕ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಣರಂಗಗಳಲ್ಲಿ ಮಡಿದ, ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ರೆಜಿಮೆಂಟಿನ ಯೋಧರ ನೆನಪಿಗಾಗಿ ಇದನ್ನು ನಿಲ್ಲಿಸಲಾಗಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರು ಪಟ್ಟಣವನ್ನು ಆಟೋಮನ್ ಸಾಮ್ರಾಜ್ಯದ ಆಳ್ವಿಕೆಯಿಂದ ಬಿಡಿಸಿದ ಕಾಳಗದಲ್ಲಿ ಈ ರೆಜಿಮೆಂಟು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೋರಾಡಿತು. ಈ ಕಾರಣದಿಂದ ಸ್ಮಾರಕವನ್ನು ಸಾಮಾನ್ಯವಾಗಿ ಹೈಫಾ ವಿಜಯದೊಂದಿಗೆ ಜೋಡಿಸಿ ಹೇಳಲಾಗುತ್ತದೆ. ಆದರೆ ಸ್ಮಾರಕವು ನೆನೆಯುವುದು ಆ ಒಂದು ದಿನವನ್ನಷ್ಟೇ ಅಲ್ಲ. 1914ರಿಂದ ಯುದ್ಧ ಮುಗಿಯುವವರೆಗೆ ಮರುಭೂಮಿಯಲ್ಲಿ, ಕಣಿವೆಯಲ್ಲಿ ಮತ್ತು ಬೆಟ್ಟದ ಇಳಿಜಾರುಗಳಲ್ಲಿ ಪ್ರಾಣ ಬಿಟ್ಟ ಎಲ್ಲರನ್ನೂ ಅದು ಒಳಗೊಳ್ಳುತ್ತದೆ.

ಸ್ಥಳ

ಸ್ಮಾರಕವಿರುವ ಪ್ರದೇಶವು ಬೆಂಗಳೂರು ಅರಮನೆಯ ಮೈದಾನಕ್ಕೂ ಮುನಿರೆಡ್ಡಿಪಾಳ್ಯಕ್ಕೂ ಸಮೀಪದಲ್ಲಿದೆ. ಸಂಸ್ಥಾನದ ಕಾಲದಲ್ಲಿ ಬೆಂಗಳೂರು ಎರಡು ಆಡಳಿತಗಳ ನಡುವೆ ಹಂಚಿಹೋಗಿತ್ತು. ದಂಡು ಪ್ರದೇಶವು ಬ್ರಿಟಿಷರ ಅಧೀನದಲ್ಲಿದ್ದರೆ, ಪೇಟೆ ಮತ್ತು ಅದಕ್ಕೆ ಹೊಂದಿದ ಬಡಾವಣೆಗಳು ಮಹಾರಾಜರ ಸರ್ಕಾರಕ್ಕೆ ಸೇರಿದ್ದವು. ಹೀಗಾಗಿ ಒಂದೇ ಊರಿನಲ್ಲಿ ಬ್ರಿಟಿಷ್ ಭಾರತದ ಸೇನೆಯ ಪಡೆಗಳೂ ಸಂಸ್ಥಾನದ ಪಡೆಗಳೂ ಇದ್ದವು. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆಗಳು ಕೂಡುವೆಡೆಯ ಯುದ್ಧ ಸ್ಮಾರಕವು ಬ್ರಿಟಿಷ್ ಭಾರತದ ಸೇನೆಯ ಪಯನಿಯರ್ ಪಡೆಗೆ ಸಂಬಂಧಿಸಿದ್ದು. ಜಯಚಾಮರಾಜೇಂದ್ರ ನಗರದ ಸ್ಮಾರಕವು ಮೈಸೂರಿನ ಸ್ವಂತ ಸೈನ್ಯಕ್ಕೆ ಸಂಬಂಧಿಸಿದ್ದು. ನಗರದ ಎರಡು ಮಹಾಯುದ್ಧ ಸ್ಮಾರಕಗಳಲ್ಲಿ ಕಾಣುವ ಈ ವ್ಯತ್ಯಾಸವು ಹಳೆಯ ಆಡಳಿತ ವಿಭಜನೆಯ ಕುರುಹಾಗಿ ಉಳಿದಿದೆ.

ರೆಜಿಮೆಂಟಿನ ಹಿನ್ನೆಲೆ

1881ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಒಡೆಯರ್ ಮನೆತನಕ್ಕೆ ಮರಳಿಸಿದರು. ಆ ದಶಕದ ಕೊನೆಯಲ್ಲಿ 'ಇಂಪೀರಿಯಲ್ ಸರ್ವಿಸ್' ಯೋಜನೆ ಜಾರಿಗೆ ಬಂದಿತು. ಇದರಂತೆ ದೇಶೀಯ ಸಂಸ್ಥಾನಗಳು ತಮ್ಮ ವೆಚ್ಚದಲ್ಲಿ ಪಡೆಗಳನ್ನು ಕಟ್ಟಿ ಸಾಕಬೇಕಿತ್ತು. ಬ್ರಿಟಿಷ್ ಅಧಿಕಾರಿಗಳು ತರಬೇತಿಯ ಮೇಲ್ವಿಚಾರಣೆ ನಡೆಸುತ್ತಿದ್ದರು. ಸಾಮ್ರಾಜ್ಯಕ್ಕೆ ಅಗತ್ಯ ಬಿದ್ದಾಗ ಆ ಪಡೆಗಳನ್ನು ಒದಗಿಸಬೇಕಿತ್ತು. ಈ ಯೋಜನೆಯಡಿ 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ರೂಪುಗೊಂಡಿತು. 'ಲ್ಯಾನ್ಸರ್' ಎಂದರೆ ಉದ್ದನೆಯ ಈಟಿಯನ್ನು ಹಿಡಿದು ಕುದುರೆಯ ಮೇಲಿಂದ ಹೋರಾಡುವ ಸವಾರ.

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಸಂಸ್ಥಾನವು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ನೀಡಿತು ಮತ್ತು ತನ್ನ ಅಶ್ವದಳವನ್ನು ಹೊರದೇಶದ ಸೇವೆಗೆ ಕಳುಹಿಸಿತು. ಕರ್ನಲ್ ಬಿ. ಚಾಮರಾಜ ಅರಸು ಅವರ ನಾಯಕತ್ವದಲ್ಲಿ ಹೊರಟ ರೆಜಿಮೆಂಟಿನಲ್ಲಿ 29 ಅಧಿಕಾರಿಗಳೂ 444 ಇತರ ದರ್ಜೆಯ ಯೋಧರೂ 526 ಕುದುರೆಗಳೂ ಇದ್ದರೆಂದು ದಾಖಲಾಗಿದೆ.

ಯುದ್ಧಸೇವೆ

ಸೂಯೆಜ್‌ನಿಂದ ಜೋರ್ಡಾನ್ ಕಣಿವೆಗೆ

ಮೈಸೂರು ಪಡೆಯು 1914ರ ಕೊನೆಯ ತಿಂಗಳುಗಳಲ್ಲಿ ಈಜಿಪ್ಟ್ ತಲುಪಿ ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿಗೆ ಸೇರಿತು. ವಿವಿಧ ಸಂಸ್ಥಾನಗಳ ಪಡೆಗಳಿಂದ ಕೂಡಿದ್ದ ಈ ಬ್ರಿಗೇಡಿನ ಮೊದಲ ಕೆಲಸ ಸೂಯೆಜ್ ಕಾಲುವೆಯ ರಕ್ಷಣೆ. ಭಾರತ, ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ನಡುವಿನ ಹಡಗು ಸಂಚಾರ ಈ ಕಾಲುವೆಯನ್ನು ಅವಲಂಬಿಸಿತ್ತು. 1915ರ ಫೆಬ್ರವರಿ ಆರಂಭದಲ್ಲಿ ಆಟೋಮನ್ ಸೈನ್ಯವು ಸಿನಾಯ್ ಮರುಭೂಮಿಯನ್ನು ದಾಟಿ ಬಂದು ಕಾಲುವೆಯ ಮೇಲೆ ನಡೆಸಿದ ದಾಳಿ ವಿಫಲವಾಯಿತು. ಅನಂತರದ ವರ್ಷಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯವು ಸಿನಾಯ್ ಮೂಲಕ ಪ್ಯಾಲೆಸ್ಟೈನಿನತ್ತ ಮುಂದುವರಿಯಿತು.

1918ರ ವಸಂತದಲ್ಲಿ, ಫ್ರಾನ್ಸಿನಲ್ಲಿದ್ದ ಜೋಧಪುರ ಲ್ಯಾನ್ಸರ್ಸ್ ಪಡೆಯು ಬಂದು ಇದೇ ಬ್ರಿಗೇಡಿಗೆ ಸೇರಿತು. ಅಲ್ಲಿಂದ ಮುಂದೆ ಬ್ರಿಗೇಡಿನಲ್ಲಿ ಮೈಸೂರು, ಜೋಧಪುರ ಮತ್ತು ಹೈದರಾಬಾದ್ ರೆಜಿಮೆಂಟುಗಳು ಒಟ್ಟಿಗಿದ್ದವು. ಆ ಬೇಸಿಗೆಯಲ್ಲಿ ಅಶ್ವದಳವನ್ನು ಜೋರ್ಡಾನ್ ಕಣಿವೆಯಲ್ಲಿ ನಿಲ್ಲಿಸಲಾಯಿತು. ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿರುವ ಈ ಕಣಿವೆಯ ಸೆಕೆ, ಧೂಳು ಮತ್ತು ಮಲೇರಿಯಾ ಶತ್ರುವಿನಷ್ಟೇ ಹಾನಿಯುಂಟುಮಾಡಿದವು. 1918ರ ಜುಲೈ 14ರಂದು ಜೋರ್ಡಾನ್ ನದಿಯ ಎಲ್ ಹಿನು ದಾಟುಹಾದಿಯ ಬಳಿ ಮೈಸೂರು ಮತ್ತು ಜೋಧಪುರ ಸವಾರರು ಆಟೋಮನ್ ಅಶ್ವದಳದ ಮೇಲೆ ಈಟಿಗಳೊಂದಿಗೆ ದಾಳಿ ನಡೆಸಿದರು. ಹೈಫಾದಲ್ಲಿ ಜೊತೆಯಾಗಿ ಹೋರಾಡಲಿದ್ದ ಎರಡು ಪಡೆಗಳಿಗೆ ಇದು ಪೂರ್ವಾನುಭವವಾಯಿತು.

ಹೈಫಾ ಕಾಳಗ

1918ರ ಸೆಪ್ಟೆಂಬರ್ 19ರಂದು ಜನರಲ್ ಎಡ್ಮಂಡ್ ಅಲೆನ್‌ಬಿ ಅವರ ಸೈನ್ಯವು ಮೆಗಿದ್ದೊ ಎಂದು ಹೆಸರಾದ ಮಹಾದಾಳಿಯನ್ನು ಆರಂಭಿಸಿತು. ಪದಾತಿದಳವು ಆಟೋಮನ್ ರಕ್ಷಣಾರೇಖೆಯನ್ನು ಭೇದಿಸಿತು. ಆ ಬಿರುಕಿನಿಂದ ಅಶ್ವದಳಗಳು ನುಗ್ಗಿ ಶತ್ರುವಿನ ಹಿಂಬದಿಯ ಮಾರ್ಗಗಳನ್ನು ಕಡಿದುಹಾಕಿದವು. ಮುಂದುವರಿದ ಸೈನ್ಯಕ್ಕೆ ಸಾಮಗ್ರಿ ಪೂರೈಸಲು ಹತ್ತಿರದಲ್ಲೊಂದು ಬಂದರು ಬೇಕಾಗಿತ್ತು. ಹೈಫಾ ಅಂಥ ಬಂದರು. ಸೆಪ್ಟೆಂಬರ್ 22ರಂದು ಶಸ್ತ್ರಸಜ್ಜಿತ ಕಾರುಗಳೊಂದಿಗೆ ಪಟ್ಟಣವನ್ನು ವಶಪಡಿಸಿಕೊಳ್ಳಲು ನಡೆದ ಪ್ರಯತ್ನವು ಫಿರಂಗಿ ದಾಳಿಗೆ ಸಿಕ್ಕಿ ಹಿಮ್ಮೆಟ್ಟಿತು. ಮರುದಿನ ಆ ಹೊಣೆ ಐದನೆಯ ಅಶ್ವದಳ ಡಿವಿಷನ್ನಿಗೆ ಬಂದಿತು. ಅದರ ಭಾಗವಾಗಿದ್ದ ಹದಿನೈದನೆಯ ಬ್ರಿಗೇಡ್ ಹೈಫಾದ ದಾರಿ ಹಿಡಿಯಿತು. ಹೈದರಾಬಾದ್ ಲ್ಯಾನ್ಸರ್ಸ್ ಪಡೆಯನ್ನು ಸೆರೆಯಾಳುಗಳ ಕಾವಲಿಗೆ ನಿಯೋಜಿಸಿದ್ದರಿಂದ ಮುಖ್ಯ ದಾಳಿ ಮೈಸೂರು ಮತ್ತು ಜೋಧಪುರ ಪಡೆಗಳ ಪಾಲಿಗೆ ಬಂದಿತು.

ಪಟ್ಟಣದ ಭೂಸ್ಥಿತಿ ರಕ್ಷಕರಿಗೆ ಅನುಕೂಲವಾಗಿತ್ತು. ಪೂರ್ವದಿಂದ ಬರುವ ರಸ್ತೆಯ ಒಂದು ಬದಿಗೆ ಕಾರ್ಮೆಲ್ ಬೆಟ್ಟ. ಇನ್ನೊಂದು ಬದಿಗೆ ಕಿಶೋನ್ ನದಿ ಮತ್ತು ಅದರ ಜೌಗುನೆಲ. ಈ ಇಕ್ಕಟ್ಟಾದ ಹಾದಿಯ ಮೇಲೆ ಬೆಟ್ಟದ ಫಿರಂಗಿಗಳೂ ಕೆಳ ಇಳಿಜಾರಿನ ಮೆಷಿನ್ ಗನ್ನುಗಳೂ ಗುರಿಯಿಟ್ಟಿದ್ದವು. ಆಟೋಮನ್ ಸೈನಿಕರೊಂದಿಗೆ ಜರ್ಮನ್ ಮತ್ತು ಆಸ್ಟ್ರಿಯನ್ ಯೋಧರೂ ರಕ್ಷಣೆಯಲ್ಲಿದ್ದರು. ಬೆಟ್ಟದ ಮೇಲಿನ ಫಿರಂಗಿಗಳು ಸುಮ್ಮನಾಗದೆ ರಸ್ತೆಯಲ್ಲಿ ಕುದುರೆಪಡೆ ನುಗ್ಗುವುದು ಆತ್ಮಹತ್ಯೆಗೆ ಸಮಾನವಾಗಿತ್ತು.

ಮೈಸೂರು ಲ್ಯಾನ್ಸರ್ಸ್ ಪಾತ್ರವು ಇಲ್ಲಿಯೇ ನಿರ್ಣಾಯಕವಾಯಿತು. ರೆಜಿಮೆಂಟಿನ ಒಂದು ಸ್ಕ್ವಾಡ್ರನ್ನನ್ನು ಎರಡು ಮೆಷಿನ್ ಗನ್ನುಗಳೊಂದಿಗೆ ಕಾರ್ಮೆಲ್ ಬೆಟ್ಟಕ್ಕೆ ಕಳುಹಿಸಲಾಯಿತು. ಸವಾರರು ಕಡಿದಾದ ಕಾಲುದಾರಿಯಲ್ಲಿ ಕುದುರೆಗಳನ್ನು ಹತ್ತಿಸಿಕೊಂಡು ಹೋಗಿ ಫಿರಂಗಿನೆಲೆಯನ್ನು ಸಮೀಪಿಸಿದರು. ಅವರ ನೆರವಿಗೆ ಬ್ರಿಟಿಷ್ ಪಡೆಯಾದ ಶೆರ್‌ವುಡ್ ರೇಂಜರ್ಸ್‌ನ ಒಂದು ಸ್ಕ್ವಾಡ್ರನ್ನನ್ನೂ ಕಳುಹಿಸಲಾಯಿತು. ಮೈಸೂರಿನ ಉಳಿದ ಸ್ಕ್ವಾಡ್ರನ್ನುಗಳಲ್ಲಿ ಎರಡು ಬಯಲಿನಲ್ಲಿ ಬಳಸಿ ಸಾಗಿ ಪಟ್ಟಣದ ಪೂರ್ವ ಮತ್ತು ಉತ್ತರ ದಿಕ್ಕುಗಳತ್ತ ಹೋದವು.

ಮಧ್ಯಾಹ್ನ ಎರಡು ಗಂಟೆಗೆ ಜೋಧಪುರ ಲ್ಯಾನ್ಸರ್ಸ್ ಮುಖ್ಯ ದಾಳಿಯನ್ನು ಆರಂಭಿಸಿತು. ನದಿಯ ದಂಡೆ ಕುದುರೆಗಳು ಹೂತುಹೋಗುವಷ್ಟು ಕೆಸರಾಗಿದ್ದುದರಿಂದ, ಮೆಷಿನ್ ಗನ್ನುಗಳ ಗುಂಡಿನ ಮಳೆಯ ನಡುವೆಯೇ ಸವಾರರು ಎಡಕ್ಕೆ ತಿರುಗಿ ಬೆಟ್ಟದ ತಪ್ಪಲಿನ ನೆಲೆಗಳ ಮೇಲೆ ಬಿದ್ದರು. ದಾಳಿಯ ನಾಯಕತ್ವ ವಹಿಸಿದ್ದ ಮೇಜರ್ ದಲಪತ್ ಸಿಂಗ್ ಶೇಖಾವತ್ ಮಾರಣಾಂತಿಕವಾಗಿ ಗಾಯಗೊಂಡರು. ಅದೇ ಹೊತ್ತಿನಲ್ಲಿ ಬೆಟ್ಟದ ಮೇಲಿನ ಫಿರಂಗಿಗಳು ಮೈಸೂರು ಮತ್ತು ಶೆರ್‌ವುಡ್ ಸವಾರರ ವಶವಾದವು. ಜೋಧಪುರದವರು ಪಟ್ಟಣದ ಬೀದಿಗಳೊಳಗೆ ನುಗ್ಗಿದರು; ಮತ್ತೊಂದು ದಿಕ್ಕಿನಿಂದ ಮೈಸೂರಿನ ಸ್ಕ್ವಾಡ್ರನ್ನುಗಳು ಪ್ರವೇಶಿಸಿದವು. ಸಂಜೆಯಾಗುವ ಮೊದಲೇ ಹೈಫಾ ಕೈಸೇರಿತ್ತು.

ಒಟ್ಟು 1,350 ಮಂದಿ ಸೆರೆಸಿಕ್ಕರು. 17 ಫಿರಂಗಿಗಳೂ 11 ಮೆಷಿನ್ ಗನ್ನುಗಳೂ ವಶವಾದವು. ಬ್ರಿಗೇಡಿನಲ್ಲಿ ಮೂವರು ಮಡಿದರು, 34 ಮಂದಿ ಗಾಯಗೊಂಡರು. ಕುದುರೆಗಳ ಪೈಕಿ 60 ಸತ್ತವು, 83 ಗಾಯಗೊಂಡವು. ಇಂತಹ ಗಟ್ಟಿ ನೆಲೆಯನ್ನು ಇಷ್ಟು ಕಡಿಮೆ ಜೀವಹಾನಿಯಲ್ಲಿ ಗೆಲ್ಲಲು ಎರಡು ಸಂಗತಿಗಳು ಕಾರಣವಾದವು. ಮೊದಲನೆಯದು ದಾಳಿಯ ವೇಗ. ಎರಡನೆಯದು ಬೆಟ್ಟ, ರಸ್ತೆ ಮತ್ತು ಬಯಲು ಎಂಬ ಮೂರು ದಿಕ್ಕುಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿದ್ದ ಒತ್ತಡ. ಹೈಫಾದ ಜನಪ್ರಿಯ ಕಥನಗಳಲ್ಲಿ ಜೋಧಪುರದ ನೇರ ದಾಳಿಯೇ ಪ್ರಮುಖವಾಗಿ ಕಾಣಿಸಿಕೊಂಡಿದೆ. ಆದರೆ ಕಾರ್ಮೆಲ್ ಬೆಟ್ಟದ ಮೇಲೆ ನಡೆದ ಕೆಲಸವನ್ನು ಬಿಟ್ಟರೆ ಆ ದಾಳಿಯ ಯಶಸ್ಸನ್ನು ಪೂರ್ಣವಾಗಿ ವಿವರಿಸಲಾಗುವುದಿಲ್ಲ.

ಹರಿತಾನ್ ಕಾಳಗ

ಹೈಫಾ ದಾಳಿಯನ್ನು 'ಇತಿಹಾಸದ ಕೊನೆಯ ಮಹಾ ಅಶ್ವದಾಳಿ' ಎಂದು ವರ್ಣಿಸುವುದುಂಟು. ಆದರೆ ಮೈಸೂರು ಲ್ಯಾನ್ಸರ್ಸ್‌ನ ಪಾಲಿಗೇ ಅದು ಕೊನೆಯದಾಗಿರಲಿಲ್ಲ. ಡಮಾಸ್ಕಸ್ ಬಿದ್ದ ಬಳಿಕ ಐದನೆಯ ಅಶ್ವದಳ ಡಿವಿಷನ್ ಉತ್ತರಕ್ಕೆ ಅಲೆಪ್ಪೊವರೆಗೆ ಸಾಗಿತು. 1918ರ ಅಕ್ಟೋಬರ್ 26ರಂದು ಅಲೆಪ್ಪೊದ ವಾಯವ್ಯಕ್ಕಿರುವ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರ ಪಡೆಗಳು ಹಿಮ್ಮೆಟ್ಟುತ್ತಿದ್ದ ಆಟೋಮನ್ ಸೈನ್ಯದ ಹಿಂಬದಿಯ ಕಾವಲುಪಡೆಯನ್ನು ಎದುರಿಸಿದವು. ಈ ಸೈನ್ಯದ ನಾಯಕರಾಗಿದ್ದವರು ಮುಂದೆ ಟರ್ಕಿ ಗಣರಾಜ್ಯದ ಮೊದಲ ಅಧ್ಯಕ್ಷರಾದ ಮುಸ್ತಫಾ ಕೆಮಾಲ್. ಎದುರಾಳಿಗಳ ಸಂಖ್ಯೆ ಅಂದಾಜಿಗಿಂತ ಬಹಳ ಹೆಚ್ಚಾಗಿತ್ತು. ಎರಡೇ ರೆಜಿಮೆಂಟುಗಳ ಬಲದಿಂದ ನಡೆದ ದಾಳಿಯು ನೆಲೆಯನ್ನು ಮುರಿಯಲು ಸಾಧ್ಯವಾಗದೆ ಹಿಂದೆ ಸರಿಯಬೇಕಾಯಿತು.

ಹರಿತಾನ್‌ನಲ್ಲಿ ಬ್ರಿಗೇಡಿನ 21 ಮಂದಿ ಮಡಿದರು, 56 ಮಂದಿ ಗಾಯಗೊಂಡರು, ಮೂವರು ಕಾಣೆಯಾದರು. ಹೈಫಾಕ್ಕಿಂತ ಏಳು ಪಟ್ಟು ಹೆಚ್ಚು ಸಾವುಗಳನ್ನು ಕಂಡ ಈ ಕಾಳಗ ಸಾರ್ವಜನಿಕ ಸ್ಮರಣೆಯಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. ಇದಾದ ನಾಲ್ಕು ದಿನಗಳಿಗೆ, ಅಕ್ಟೋಬರ್ 30ರಂದು, ಮುದ್ರೋಸ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತು. ಮರುದಿನ ಆ ರಣರಂಗದಲ್ಲಿ ಯುದ್ಧ ನಿಂತಿತು.

ಸ್ಮಾರಕದ ಮಹತ್ವ

ಸ್ಮಾರಕದ ಮೇಲೆ ಮಡಿದ ಯೋಧರ ಹೆಸರುಗಳನ್ನು ಕೆತ್ತಲಾಗಿದೆ. ದೂರದೇಶದಲ್ಲಿ ತೀರಿಕೊಂಡ ಭಾರತೀಯ ಸೈನಿಕರ ವಿಷಯದಲ್ಲಿ ಇಂತಹ ಕೆತ್ತನೆಗೆ ವಿಶೇಷ ಅರ್ಥವಿದೆ. ಹಿಂದೂ ಯೋಧರ ದೇಹಗಳನ್ನು ಸಾಮಾನ್ಯವಾಗಿ ದಹನ ಮಾಡುತ್ತಿದ್ದುದರಿಂದ ಅವರಲ್ಲಿ ಅನೇಕರಿಗೆ ಗುರುತಿಸಬಹುದಾದ ಸಮಾಧಿಯೇ ಇಲ್ಲ. ಊರಿನಲ್ಲಿದ್ದ ಕುಟುಂಬಗಳಿಗೆ ಆ ನೆಲವನ್ನು ಹೋಗಿ ನೋಡುವ ಅವಕಾಶವೂ ಇರಲಿಲ್ಲ. ಹೆಸರನ್ನು ಹೊತ್ತ ಕಲ್ಲೇ ಅಂಥವರ ಪಾಲಿಗೆ ಸಮಾಧಿಯ ಸ್ಥಾನದಲ್ಲಿ ನಿಂತಿತು.

ಹೊರದೇಶದ ಸ್ಮಾರಕಗಳ ಬಾಳಿಕೆಯೂ ಖಚಿತವಲ್ಲವೆಂಬುದಕ್ಕೆ ಇದೇ ರಣರಂಗದಲ್ಲಿ ಉದಾಹರಣೆಯಿದೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಮಡಿದು ಸಮಾಧಿ ತಿಳಿಯದ ಸುಮಾರು 4,000 ಭಾರತೀಯ ಸೈನಿಕರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಸ್ಮಾರಕವೊಂದು ಅನಾವರಣಗೊಂಡಿತ್ತು. 1967ರಿಂದ 1973ರವರೆಗಿನ ಅರಬ್–ಇಸ್ರೇಲ್ ಸಂಘರ್ಷದಲ್ಲಿ ಅದು ಹಾನಿಗೊಳಗಾಗಿ, ಕೊನೆಗೆ ಅದನ್ನು ಕೆಡವಬೇಕಾಯಿತು. ಆ ಹೆಸರುಗಳನ್ನು 1980ರಲ್ಲಿ ಕೈರೋ ಸಮೀಪದ ಹೀಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಹೊಸ ಫಲಕಗಳ ಮೇಲೆ ಮತ್ತೆ ಬರೆಸಲಾಯಿತು. ಒಂದು ಯುದ್ಧದಲ್ಲಿ ಸತ್ತವರ ಸ್ಮಾರಕವನ್ನು ಇನ್ನೊಂದು ಯುದ್ಧ ನಾಶಮಾಡಿತು. ಈ ಹಿನ್ನೆಲೆಯಲ್ಲಿ, ತಾಯ್ನಾಡಿನಲ್ಲಿ ರೆಜಿಮೆಂಟೊಂದು ತನ್ನವರಿಗಾಗಿ ನಿಲ್ಲಿಸಿದ ಸ್ಮಾರಕವು ಬೇರೆಡೆ ಸಿಗದ ಆಧಾರವಾಗುತ್ತದೆ.

ಕಲ್ಲಿನಲ್ಲಿ ಯೋಧನ ಸಾವನ್ನು ದಾಖಲಿಸುವುದು ಬೆಂಗಳೂರು ಸುತ್ತಲಿನ ನಾಡಿಗೆ ಹೊಸತಲ್ಲ. ಜಯಚಾಮರಾಜೇಂದ್ರ ನಗರದ ಉತ್ತರಕ್ಕಿರುವ ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಅಂದರೆ ಎಂಟನೆಯ ಶತಮಾನದ, ಕಿತ್ತಯ್ಯನ ವೀರಗಲ್ಲು ದೊರೆತಿದೆ. ಇಂದಿನ ಎಲೆಕ್ಟ್ರಾನಿಕ್ ಸಿಟಿಯ ಕಡೆಗಿರುವ ಬೇಗೂರು ಗಂಗರ ಕಾಲದ ವೀರಗಲ್ಲುಗಳಿಗೆ ಹೆಸರಾಗಿದೆ. 'ಬೆಂಗಳೂರು' ಎಂಬ ಹೆಸರಿನ ಬಹು ಹಳೆಯ ಉಲ್ಲೇಖ ಸಿಗುವುದೂ ಅಲ್ಲಿಯ ಕಾಳಗದ ಶಾಸನವೊಂದರಲ್ಲಿ. ವೀರಗಲ್ಲು ತನ್ನ ಊರನ್ನು ಕಾಯುತ್ತ ಸತ್ತವನನ್ನು ಆ ಊರಿನಲ್ಲೇ ನೆನೆಯುತ್ತದೆ. ಮೈಸೂರು ಲ್ಯಾನ್ಸರ್ಸ್ ಸ್ಮಾರಕವು ಪರರ ಊರನ್ನು ಬಿಡಿಸಲು ಹೋಗಿ ಸತ್ತವರನ್ನು ಅವರ ಸ್ವಂತ ಊರಿನಲ್ಲಿ ನೆನೆಯುತ್ತದೆ.

'ವಿಮೋಚನೆ' ಎಂಬ ಪದದ ಬಳಕೆ

ಹೈಫಾವನ್ನು ಭಾರತೀಯ ಪಡೆಗಳು 'ವಿಮೋಚನೆಗೊಳಿಸಿದವು' ಎಂಬ ಮಾತು ಇಂದು ರೂಢಿಯಲ್ಲಿದೆ. ಸುಮಾರು ನಾಲ್ಕು ಶತಮಾನಗಳ ಆಟೋಮನ್ ಆಳ್ವಿಕೆ 1918ರಲ್ಲಿ ಆ ಪ್ರದೇಶದಲ್ಲಿ ಕೊನೆಗೊಂಡಿತೆಂಬ ಅರ್ಥದಲ್ಲಿ ಈ ಬಳಕೆ ಸರಿಯಾದುದು. ಬಹಾಯಿ ಸಮುದಾಯದ ಇತಿಹಾಸದಲ್ಲಿಯೂ ಆ ದಿನಕ್ಕೆ ಮಹತ್ವವಿದೆ. ಆಟೋಮನ್ ಅಧಿಕಾರಿಗಳಿಂದ ಪ್ರಾಣಾಪಾಯವನ್ನು ಎದುರಿಸುತ್ತಿದ್ದ, ಆಗ ಹೈಫಾದಲ್ಲಿದ್ದ ಆ ಧರ್ಮದ ನಾಯಕ ಅಬ್ದುಲ್ ಬಹಾ ಅವರು ಪಟ್ಟಣ ಕೈಬದಲಾದ ಮೇಲೆ ಸುರಕ್ಷಿತರಾದರು.

ಆದರೆ ಆಟೋಮನ್ನರ ಅನಂತರ ಬಂದದ್ದು ಸ್ಥಳೀಯರ ಸ್ವರಾಜ್ಯವಲ್ಲ. ಮೊದಲು ಬ್ರಿಟಿಷ್ ಸೈನಿಕ ಆಡಳಿತವೂ ಆಮೇಲೆ ರಾಷ್ಟ್ರಸಂಘದ ಒಪ್ಪಿಗೆಯೊಂದಿಗೆ ಬ್ರಿಟಿಷ್ ಮ್ಯಾಂಡೇಟ್ ಆಡಳಿತವೂ ನಡೆದು 1948ರವರೆಗೆ ಮುಂದುವರಿಯಿತು. ಹೋರಾಡಿದ ಯೋಧರ ನಾಡೂ ಆಗ ಅದೇ ಸಾಮ್ರಾಜ್ಯದ ಪರಮಾಧಿಕಾರಕ್ಕೆ ಒಳಪಟ್ಟಿತ್ತು. ಪಡೆಯಲ್ಲಿದ್ದ ಮುಸ್ಲಿಂ ಸೈನಿಕರ ಸ್ಥಿತಿ ಇನ್ನಷ್ಟು ಸಂಕೀರ್ಣವಾಗಿತ್ತು. ಆಟೋಮನ್ ಸುಲ್ತಾನರನ್ನು ಖಲೀಫರೆಂದು ಗೌರವಿಸುವ ಜನ ಭಾರತದಲ್ಲಿ ಅಪಾರವಾಗಿದ್ದರು. 1914ರ ನವೆಂಬರ್‌ನಲ್ಲಿ ಖಲೀಫರ ಹೆಸರಿನಲ್ಲಿ ಜಿಹಾದ್ ಘೋಷಣೆಯೂ ಆಗಿತ್ತು. ಯುದ್ಧ ಮುಗಿದ ಮೇಲೆ ಖಿಲಾಫತ್ ಚಳವಳಿಯು ಭಾರತದ ರಾಜಕೀಯವನ್ನು ಕಲಕಿದ್ದು ಇದೇ ಭಾವನೆಯಿಂದ. ಹೀಗಾಗಿ ಸ್ಮಾರಕವು ಗೌರವಿಸುವ ಶೌರ್ಯ ನಿರ್ವಿವಾದವಾದರೂ, ಆ ಶೌರ್ಯವನ್ನು ಬಳಸಿಕೊಂಡ ರಾಜಕೀಯ ಉದ್ದೇಶವನ್ನು ಪ್ರತ್ಯೇಕವಾಗಿಯೇ ನೋಡಬೇಕಾಗುತ್ತದೆ.

ಸಂಬಂಧಿತ ಸ್ಮಾರಕಗಳು

ದೆಹಲಿಯ ತೀನ್ ಮೂರ್ತಿ ಸ್ಮಾರಕವನ್ನು ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ ನೆನಪಿಗಾಗಿ 1922ರಲ್ಲಿ ನಿರ್ಮಿಸಲಾಯಿತು. ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್ ರಚಿಸಿದ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಪಡೆಗಳನ್ನು ಪ್ರತಿನಿಧಿಸುತ್ತವೆ. ಮುಂದೆ ಪ್ರಧಾನಿ ಜವಾಹರಲಾಲ್ ನೆಹರೂ ಅವರ ನಿವಾಸವಾದ ಹತ್ತಿರದ ಭವನಕ್ಕೆ 'ತೀನ್ ಮೂರ್ತಿ ಭವನ' ಎಂಬ ಹೆಸರು ಬಂದದ್ದು ಈ ಪ್ರತಿಮೆಗಳಿಂದ. 2018ರ ಜನವರಿ 14ರಂದು ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಅವರ ಭೇಟಿಯ ಸಂದರ್ಭದಲ್ಲಿ ಈ ವೃತ್ತಕ್ಕೆ 'ತೀನ್ ಮೂರ್ತಿ ಹೈಫಾ ಚೌಕ್' ಎಂದು ನಾಮಕರಣ ಮಾಡಲಾಯಿತು.

ಹೈಫಾ ಪಟ್ಟಣದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. 2017ರ ಜುಲೈ 6ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿಗೆ ಭೇಟಿ ನೀಡಿ ಗೌರವ ಸಲ್ಲಿಸಿ, ಮೇಜರ್ ದಲಪತ್ ಸಿಂಗ್ ಅವರ ಸ್ಮರಣಾರ್ಥ ಫಲಕವೊಂದನ್ನು ಅನಾವರಣಗೊಳಿಸಿದರು.

ಪರಂಪರೆ

ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸೈನ್ಯಗಳು ಭಾರತೀಯ ಸೇನೆಯಲ್ಲಿ ವಿಲೀನಗೊಂಡವು. ಮೈಸೂರು ಲ್ಯಾನ್ಸರ್ಸ್ ಸೇರಿದಂತೆ ಹಲವು ಸಂಸ್ಥಾನಗಳ ಕುದುರೆಪಡೆಗಳನ್ನು ಒಂದುಗೂಡಿಸಿ 1953ರಲ್ಲಿ ಹೊಸ ರೆಜಿಮೆಂಟನ್ನು ಕಟ್ಟಲಾಯಿತು. 1954ರಲ್ಲಿ ಅದಕ್ಕೆ '61ನೇ ಕ್ಯಾವಲ್ರಿ' ಎಂಬ ಹೆಸರು ಬಂದಿತು. ಜೈಪುರದಲ್ಲಿ ನೆಲೆ ಹೊಂದಿದ ಈ ರೆಜಿಮೆಂಟು ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತ ಬಂದಿದೆ. ಬೆಂಗಳೂರಿನ ಸ್ಮಾರಕದ ಬಳಿಯೂ ಹೈಫಾ ದಿನದ ನೆನಪಿನಲ್ಲಿ ಪುಷ್ಪಗುಚ್ಛ ಅರ್ಪಿಸುವ ಕಾರ್ಯಕ್ರಮಗಳು ನಡೆದಿವೆ.